ಬೀಗ ಕೊಡಿ, ಬೀಗದ ಕೈ ಕೊಡಬೇಡಿ: ಪ್ರಾಜೆಕ್ಟ್ ಟೀಮಿಗೆ ಎಸ್‌ಎಸ್‌ಎಚ್ ಕೀ

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾಲ್ಕು ಜನರ ಒಂದು ಟೀಮ್ ಅಂತ ಇಟ್ಟುಕೊಳ್ಳಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಧಾರಣೆ ತೋರಿಸುವ ಒಂದು ಆ್ಯಪ್ ಮಾಡ್ತಿದ್ದಾರೆ. ಕಾಲೇಜು ಬಿಟ್ಟ ಮೇಲೆ ಒಬ್ಬರು ರಾಮನಗರದಲ್ಲೇ ಉಳೀತಾರೆ, ಒಬ್ಬರು ಚನ್ನಪಟ್ಟಣದ ಟ್ರೈನ್ ಹಿಡೀತಾರೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ, ಉಳಿದಿಬ್ಬರಿಗೆ ಬಸ್ಸೇ ಗತಿ. ರಾತ್ರಿ ಕೆಲಸ ಮಾಡಬೇಕು ಅಂದ್ರೆ ನಾಲ್ಕು ಊರು, ನಾಲ್ಕು ಲ್ಯಾಪ್‌ಟಾಪ್. ಕೋಡ್ ಮಾತ್ರ ಒಂದೇ.

ಇಂಥಾ ಟೀಮುಗಳಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ಯಾರೋ ಒಬ್ಬರು ಗಿಟ್‌ಹಬ್‌ನಲ್ಲಿ ಅಕೌಂಟ್ ಮಾಡಿ ಅದರ ಪಾಸ್‌ವರ್ಡನ್ನ ವಾಟ್ಸ್ಆ್ಯಪ್ ಗುಂಪಿಗೆ ಹಾಕ್ತಾರೆ. ಮೊದಲ ವಾರ ಎಲ್ಲಾ ಸುಸೂತ್ರ. ಆಮೇಲೆ ಟರ್ಮಿನಲ್‌ನಲ್ಲಿ ಪುಶ್ ಮಾಡೋಕೆ ಹೋದ್ರೆ ಆ ಪಾಸ್‌ವರ್ಡ್ ನಡೆಯೋದೇ ಇಲ್ಲ. ಬ್ರೌಸರ್‌ನಲ್ಲಿ ಲಾಗಿನ್ ಆಗೋಣ ಅಂದ್ರೆ ಓಟಿಪಿ ಕೇಳುತ್ತೆ. ಓಟಿಪಿ ಬರೋದು ಮಾಗಡಿಯಲ್ಲಿರೋ ಫೋನಿಗೆ, ಕೇಳ್ತಿರೋರು ಕನಕಪುರದಲ್ಲಿ, ಟೈಮು ರಾತ್ರಿ ಹನ್ನೊಂದೂವರೆ. ಕೊನೆಗೆ ಕೋಡ್ ಜಿಪ್ ಫೈಲಾಗಿ ಅದೇ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತೆ. "ಫೈನಲ್", "ಫೈನಲ್ 2", "ನಿಜವಾದ ಫೈನಲ್". ರಿವ್ಯೂ ದಿನ ಯಾವುದು ಸರಿಯಾದದ್ದು ಅಂತ ಯಾರಿಗೂ ಗೊತ್ತಿರಲ್ಲ.

ಇದಕ್ಕೆ ಮದ್ದು ಎಸ್‌ಎಸ್‌ಎಚ್ ಕೀ. ಒಂದು ಸಲ ಹತ್ತು ನಿಮಿಷ ಕೊಟ್ಟರೆ ವರ್ಷಪೂರ್ತಿ ನಡೆಯುತ್ತೆ. ಆದರೆ ಬರೀ ಕಮಾಂಡ್ ಕಾಪಿ ಹೊಡೆದು ಮುಗಿಸಿದರೆ, ಕೆಟ್ಟಾಗ ಏನು ಮಾಡಬೇಕು ಅಂತ ತಿಳಿಯಲ್ಲ. ಅದಕ್ಕೆ ಮೊದಲು ಒಳಗೇನು ನಡೆಯುತ್ತೆ ಅಂತ ನೋಡೋಣ.

ಪಾಸ್‌ವರ್ಡಿಗೆ ಏನಾಯ್ತು?

ಪಾಸ್‌ವರ್ಡಿನ ಮೂಲ ಸಮಸ್ಯೆ ಒಂದೇ. ನೀವು ಯಾರು ಅಂತ ತೋರಿಸಬೇಕಾದ್ರೆ ಪ್ರತಿ ಸಲ ಆ ಗುಟ್ಟನ್ನೇ ಆಚೆ ಕಳಿಸಬೇಕು. ಕಳಿಸಿದ್ದನ್ನ ದಾರಿಯಲ್ಲಿ ಯಾರಾದ್ರೂ ಕದ್ದು ಓದಬಹುದು, ತಲುಪಿದ ಕಡೆಯೂ ಸೋರಬಹುದು.

ಎಸ್‌ಎಸ್‌ಎಚ್ ಹುಟ್ಟಿದ್ದೇ ಇಂಥಾ ಒಂದು ಕಳ್ಳತನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕೂತು ಹೋಗೋ ಬರೋ ಪಾಸ್‌ವರ್ಡುಗಳನ್ನ ಕದ್ದು ಸಂಗ್ರಹಿಸಿದರು. ಆಗ ಟೆಲ್‌ನೆಟ್‌ನಂಥ ವ್ಯವಸ್ಥೆಗಳಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ತಂತಿಯಲ್ಲಿ ಹೋಗ್ತಿತ್ತು. ಅಲ್ಲಿದ್ದ ಟಾಟು ಯ್ಲೋನೆನ್ ಇದಕ್ಕೆ ಪರಿಹಾರವಾಗಿ ಸೆಕ್ಯೂರ್ ಶೆಲ್ ಬರೆದರು. ಅದೇ ಎಸ್‌ಎಸ್‌ಎಚ್. ಇವತ್ತು ನಮ್ಮ ಲಿನಕ್ಸ್, ಮ್ಯಾಕ್, ವಿಂಡೋಸ್ ಮಷೀನುಗಳಲ್ಲಿ ಇರೋದು 1999ರಲ್ಲಿ ಓಪನ್‌ಬಿಎಸ್‌ಡಿ ತಂಡ ಹೊರತಂದ ಓಪನ್‌ಎಸ್‌ಎಸ್‌ಎಚ್. ವಿಂಡೋಸ್ 10ರಲ್ಲಿ 2018ರಿಂದ ಅದು ಜೊತೆಯಲ್ಲೇ ಬರುತ್ತೆ.

ಗಿಟ್‌ಹಬ್ ಕೂಡ 2021ರ ಆಗಸ್ಟ್ 13ರಿಂದ ಟರ್ಮಿನಲ್ ಮೂಲಕ ಗಿಟ್ ಕೆಲಸಕ್ಕೆ ಅಕೌಂಟ್ ಪಾಸ್‌ವರ್ಡ್ ತಗೊಳ್ಳೋದನ್ನ ನಿಲ್ಲಿಸಿತು. ಹಳೇ ಯೂಟ್ಯೂಬ್ ವಿಡಿಯೋ ನೋಡ್ಕೊಂಡು "ಪಾಸ್‌ವರ್ಡ್ ಸರಿಯಾಗೇ ಹಾಕಿದೀನಲ್ಲ" ಅಂತ ತಲೆ ಕೆರ್ಕೊಳ್ಳೋರಿಗೆ ಕಾರಣ ಇದೇ.

ಬೀಗ, ಬೀಗದ ಕೈ

ಎಸ್‌ಎಸ್‌ಎಚ್ ಕೀ ಅನ್ನೋದು ಒಂದಲ್ಲ, ಒಂದು ಜೋಡಿ. ಒಂದಕ್ಕೆ ಪಬ್ಲಿಕ್ ಕೀ, ಇನ್ನೊಂದಕ್ಕೆ ಪ್ರೈವೇಟ್ ಕೀ ಅಂತಾರೆ. ಎರಡಕ್ಕೂ "ಕೀ" ಅಂತ ಹೆಸರಿಟ್ಟಿದ್ದರಿಂದಲೇ ಅರ್ಧ ಗೊಂದಲ. ನಮ್ಮ ಕಡೆ ಮಾತಿನಲ್ಲಿ ಇದು ಸುಲಭ: ಪಬ್ಲಿಕ್ ಕೀ ಅಂದ್ರೆ ಬೀಗ, ಪ್ರೈವೇಟ್ ಕೀ ಅಂದ್ರೆ ಬೀಗದ ಕೈ. (ಉತ್ತರ ಕರ್ನಾಟಕದ ಗೆಳೆಯರು ಬೀಗಕ್ಕೇ ಕೀಲಿ ಅಂತಾರೆ, ಹಾಗಾಗಿ ಅವರ ಲೆಕ್ಕದಲ್ಲಿ ಪಬ್ಲಿಕ್ "ಕೀ" ಸರಿಯಾದ ಹೆಸರೇ!)

ಬೀಗವನ್ನ ಎಷ್ಟು ಜನಕ್ಕೆ ಬೇಕಾದ್ರೂ ಕೊಡಿ, ಎಷ್ಟು ಬಾಗಿಲಿಗೆ ಬೇಕಾದ್ರೂ ಹಾಕಿ. ಬೀಗ ನೋಡಿ ಯಾರೂ ಬೀಗದ ಕೈ ಮಾಡೋಕಾಗಲ್ಲ. ಅದನ್ನ ಅಸಾಧ್ಯ ಅನ್ನುವಷ್ಟು ಕಷ್ಟ ಮಾಡಿರೋದು ಗಣಿತ. ಬೀಗದ ಕೈ ಮಾತ್ರ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಎಲ್ಲೂ ಹೋಗಬಾರದು.

ನೀವು ಪುಶ್ ಮಾಡಿದಾಗ ನಡೆಯೋದು ಸ್ಥೂಲವಾಗಿ ಇಷ್ಟು. ಮೊದಲು ನಿಮ್ಮ ಮಷೀನೂ ಗಿಟ್‌ಹಬ್ಬಿನ ಸರ್ವರೂ ಸೇರಿ ಆ ಸಂಪರ್ಕಕ್ಕೆ ಮಾತ್ರ ಸೇರಿದ ಒಂದು ಗುರುತು ತಯಾರಿಸುತ್ತವೆ. ನಿಮ್ಮ ಮಷೀನು ಆ ಗುರುತನ್ನೊಳಗೊಂಡ ಒಂದು ಸಂದೇಶಕ್ಕೆ ಪ್ರೈವೇಟ್ ಕೀ ಬಳಸಿ ಡಿಜಿಟಲ್ ಸಹಿ ಹಾಕಿ ಕಳಿಸುತ್ತೆ. ಸರ್ವರ್ ತನ್ನ ಹತ್ತಿರ ಇರೋ ನಿಮ್ಮ ಪಬ್ಲಿಕ್ ಕೀ ಬಳಸಿ "ಈ ಸಹಿ ಈ ಜೋಡಿಯದ್ದೇ" ಅಂತ ಪರೀಕ್ಷೆ ಮಾಡುತ್ತೆ. ದಾರಿಯಲ್ಲಿ ಹೋಗೋದು ಸಹಿ ಮಾತ್ರ, ಪ್ರೈವೇಟ್ ಕೀ ಹೋಗೋದೇ ಇಲ್ಲ. ಇವತ್ತಿನ ಸಹಿಯನ್ನ ಯಾರಾದ್ರೂ ಕದ್ದಿಟ್ಟುಕೊಂಡು ನಾಳೆ ತೋರಿಸಿದ್ರೂ ಉಪಯೋಗ ಇಲ್ಲ, ಯಾಕಂದ್ರೆ ನಾಳೆಯ ಸಂಪರ್ಕದ ಗುರುತೇ ಬೇರೆ.

ಪಾಸ್‌ವರ್ಡಿಗೂ ಕೀಗೂ ಇರೋ ನಿಜವಾದ ವ್ಯತ್ಯಾಸ ಇದು. ಇಲ್ಲಿ ಗುಟ್ಟನ್ನ ಹೇಳದೇನೇ ಗುಟ್ಟು ನಿಮ್ಮ ಹತ್ತಿರ ಇದೆ ಅಂತ ಸಾಬೀತು ಮಾಡ್ತೀರಿ.

ಮಾಡೋದು ಹೇಗೆ

ಕಮಾಂಡುಗಳನ್ನ ಇಲ್ಲಿ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಲಿನಕ್ಸ್ ಆದ್ರೆ ಟರ್ಮಿನಲ್, ವಿಂಡೋಸ್ ಆದ್ರೆ ಗಿಟ್ ಬ್ಯಾಷ್ ಅಥವಾ ಪವರ್‌ಶೆಲ್ ತೆರೆಯಿರಿ. ಯಾವುದರಲ್ಲಿ ಶುರು ಮಾಡ್ತೀರೋ ಕೊನೆವರೆಗೂ ಅದರಲ್ಲೇ ಇರಿ. ಎರಡರಲ್ಲೂ ಬೇರೆ ಬೇರೆ ಎಸ್‌ಎಸ್‌ಎಚ್ ಇರಬಹುದು, ಮಿಕ್ಸ್ ಮಾಡಿದ್ರೆ ಗೊಂದಲ.

ಒಂದು: ಜೋಡಿ ತಯಾರಿಸಿ.

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಸಿ "ಮಾಗಡಿ-ಮನೆ-ಲ್ಯಾಪ್‌ಟಾಪ್"

ಇಲ್ಲಿ ಟಿ ಸಣ್ಣದು, ಸಿ ದೊಡ್ಡದು. ಇಡಿ25519 ಅನ್ನೋದು ಸಹಿಯ ವಿಧಾನದ ಹೆಸರು. 2 ಘಾತ 255ರಿಂದ 19 ಕಳೆದರೆ ಬರೋ ಅವಿಭಾಜ್ಯ ಸಂಖ್ಯೆಯ ಮೇಲೆ ಇದರ ಗಣಿತ ನಿಂತಿದೆ, ಹೆಸರಿನ ಅಂಕಿಗಳು ಬಂದಿದ್ದು ಅಲ್ಲಿಂದ. ಹಳೇ ಪಾಠಗಳಲ್ಲಿ ಆರ್‌ಎಸ್‌ಎ ಅಂತ ಇರುತ್ತೆ. 4096 ಬಿಟ್‌ನ ಆರ್‌ಎಸ್‌ಎ ಕೂಡ ನಡೆಯುತ್ತೆ. ಆದ್ರೆ ಇಡಿ25519ರ ಕೀ ಚಿಕ್ಕದು, ಕೆಲಸವೂ ಚುರುಕು. ಕೊನೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ಇರೋದು ಬರೀ ಟಿಪ್ಪಣಿ. ಅಲ್ಲಿ ಮಷೀನಿನ ಹೆಸರು ಹಾಕಿ, ಮುಂದೆ ಕೆಲಸಕ್ಕೆ ಬರುತ್ತೆ.

ಎಲ್ಲಿ ಸೇವ್ ಮಾಡಬೇಕು ಅಂತ ಕೇಳಿದಾಗ ಸುಮ್ಮನೆ ಎಂಟರ್ ಒತ್ತಿ. ಮೊದಲೇ ಒಂದು ಕೀ ಇದ್ದರೆ "ಓವರ್‌ರೈಟ್ ಮಾಡಲಾ" ಅಂತ ಕೇಳುತ್ತೆ. ಆಗ ಬೇಡ ಅನ್ನಿ, ಹಳೇದನ್ನೇ ಬಳಸಿ. ಓವರ್‌ರೈಟ್ ಮಾಡಿದ್ರೆ ಹಳೇ ಬೀಗದ ಕೈ ಹೋಯ್ತು ಅಂತಲೇ ಅರ್ಥ.

ಎರಡು: ಪಾಸ್‌ಫ್ರೇಸ್ ಹಾಕಿ. ತುಂಬಾ ಜನ ಇಲ್ಲಿ ಎಂಟರ್ ಒತ್ತಿ ಮುಂದೆ ಹೋಗ್ತಾರೆ. ಪ್ರೈವೇಟ್ ಕೀ ಅನ್ನೋದು ಒಂದು ಸಾಧಾರಣ ಫೈಲ್, ಲ್ಯಾಪ್‌ಟಾಪ್ ಸಿಕ್ಕಿದವರು ಅದನ್ನ ಕಾಪಿ ಮಾಡಬಹುದು. ಪಾಸ್‌ಫ್ರೇಸ್ ಇದ್ದರೆ ಆ ಫೈಲೇ ಗೂಢಲಿಪಿಯಲ್ಲಿ ಇರುತ್ತೆ, ಕಾಪಿ ಮಾಡಿದ್ರೂ ತೆರೆಯೋಕಾಗಲ್ಲ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನ ಜೋಡಿಸಿ, ನೆನಪಿಡೋಕೆ ಸುಲಭ. ಈ ಪಾಸ್‌ಫ್ರೇಸ್ ಗಿಟ್‌ಹಬ್ಬಿಗೂ ಗೊತ್ತಿರಲ್ಲ, ಮರೆತರೆ ವಾಪಸ್ ಪಡೆಯೋ ದಾರಿ ಇಲ್ಲ. ಆಗ ಹೊಸ ಜೋಡಿ ಮಾಡ್ಕೋಬೇಕು, ಅಷ್ಟೇ.

ಪ್ರತಿ ಪುಶ್‌ಗೂ ಪಾಸ್‌ಫ್ರೇಸ್ ಹೊಡೆಯೋದು ಬೇಜಾರು ಅಂದ್ರೆ ಎಸ್‌ಎಸ್‌ಎಚ್-ಏಜೆಂಟ್ ಇದೆ. ಎಸ್‌ಎಸ್‌ಎಚ್-ಆ್ಯಡ್ ಅಂತ ಕೊಟ್ಟು ಒಂದು ಸಲ ಪಾಸ್‌ಫ್ರೇಸ್ ಹೇಳಿದ್ರೆ ಅದು ನೆನಪಿಟ್ಟುಕೊಳ್ಳುತ್ತೆ. ವಿಂಡೋಸ್‌ನ ಪವರ್‌ಶೆಲ್ ಬಳಸೋರು ಮೊದಲು ಸರ್ವಿಸಸ್ ಪಟ್ಟಿಯಲ್ಲಿ ಓಪನ್‌ಎಸ್‌ಎಸ್‌ಎಚ್ ಅಥೆಂಟಿಕೇಶನ್ ಏಜೆಂಟ್ ಅನ್ನೋದನ್ನ ಶುರು ಮಾಡಬೇಕು, ಅದು ಸಾಮಾನ್ಯವಾಗಿ ಆಫ್ ಇರುತ್ತೆ.

ಮೂರು: ಬೀಗವನ್ನ ಗಿಟ್‌ಹಬ್ಬಿಗೆ ಕೊಡಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ "ಡಾಟ್ ಎಸ್‌ಎಸ್‌ಎಚ್" ಅನ್ನೋ ಫೋಲ್ಡರ್ ಇರುತ್ತೆ. ಅದರಲ್ಲಿ ಈಗ ಎರಡು ಫೈಲ್: "ಐಡಿ_ಇಡಿ25519" ಮತ್ತು ಅದೇ ಹೆಸರಿನ ಕೊನೆಗೆ "ಡಾಟ್ ಪಬ್" ಇರೋದು. ಕೊಡಬೇಕಾದ್ದು ಪಬ್ ಫೈಲನ್ನ ಮಾತ್ರ. ತೆರೆದು ನೋಡಿದ್ರೆ ಒಂದೇ ಸಾಲು ಇರುತ್ತೆ, ಅದು "ಎಸ್‌ಎಸ್‌ಎಚ್-ಇಡಿ25519" ಅಂತ ಶುರುವಾಗಿ ನಿಮ್ಮ ಟಿಪ್ಪಣಿಯಲ್ಲಿ ಮುಗಿಯುತ್ತೆ. ತೆರೆದ ಫೈಲಿನ ಮೊದಲ ಸಾಲಿನಲ್ಲೇ "ಪ್ರೈವೇಟ್ ಕೀ" ಅಂತ ಕಂಡರೆ ಕೈ ತೆಗೀರಿ, ಅದು ಬೀಗದ ಕೈ. ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ "ಎಸ್‌ಎಸ್‌ಎಚ್ ಆ್ಯಂಡ್ ಜಿಪಿಜಿ ಕೀಸ್" ಅನ್ನೋ ಕಡೆ ಹೋಗಿ, ಹೊಸ ಕೀ ಅಂತ ಒತ್ತಿ, ಆ ಸಾಲನ್ನ ಅಂಟಿಸಿ. ಟೈಟಲ್ ಜಾಗದಲ್ಲೂ ಮಷೀನಿನ ಹೆಸರೇ ಇರಲಿ.

ನಾಲ್ಕು: ಪರೀಕ್ಷೆ ಮಾಡಿ.

ಎಸ್‌ಎಸ್‌ಎಚ್ -ಟಿ ಗಿಟ್@ಗಿಟ್‌ಹಬ್.ಕಾಮ್

ಇಲ್ಲಿ ಟಿ ದೊಡ್ಡದು. ಯೂಸರ್ ಹೆಸರು ಎಲ್ಲರಿಗೂ "ಗಿಟ್" ಅಂತಲೇ. ನಿಮ್ಮ ಹೆಸರು ಹಾಕಬೇಡಿ, ನೀವು ಯಾರು ಅಂತ ಕೀ ನೋಡಿ ಅದೇ ಗುರುತಿಸುತ್ತೆ. ನಿಮ್ಮ ಹೆಸರು ಹಿಡಿದು ನಮಸ್ಕಾರ ಹೇಳಿ, ಶೆಲ್ ಪ್ರವೇಶ ಕೊಡಲ್ಲ ಅಂತ ಒಂದು ಸಾಲು ಬರುತ್ತೆ. ಅದು ಎರರ್ ಅಲ್ಲ, ಗೆದ್ದಿದ್ದೀರಿ.

ಐದು: ಹಳೇ ರೆಪೊ ಎಚ್‌ಟಿಟಿಪಿಎಸ್ ವಿಳಾಸದಲ್ಲಿ ಇದ್ದರೆ "ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್" ಅಂತ ಬರೆದು ಮುಂದೆ ರೆಪೊದ ಎಸ್‌ಎಸ್‌ಎಚ್ ವಿಳಾಸ ಕೊಡಿ. ಇದನ್ನ ಬಿಟ್ಟರೆ ಕೀ ಎಷ್ಟೇ ಸರಿಯಿದ್ದರೂ ಗಿಟ್ ಪಾಸ್‌ವರ್ಡನ್ನೇ ಕೇಳ್ತಾ ಇರುತ್ತೆ.

ನಾಲ್ಕು ಊರು, ನಾಲ್ಕು ಬೀಗ

ಈಗ ಟೀಮಿನ ವಿಷಯ. ಒಂದೇ ಅಕೌಂಟಿಗೆ ಒಂದೇ ಕೀ ಮಾಡಿ ನಾಲ್ಕು ಜನ ಪೆನ್‌ಡ್ರೈವ್‌ನಲ್ಲಿ ಹಂಚ್ಕೊಂಡ್ರೆ ಪಾಸ್‌ವರ್ಡ್ ಹಂಚಿದ ಹಾಗೇ ಆಯ್ತು. ಸರಿಯಾದ ಕ್ರಮ ಬೇರೆ. ನಾಲ್ಕೂ ಜನಕ್ಕೆ ಅವರವರ ಅಕೌಂಟ್, ಅವರವರ ಮಷೀನಿನಲ್ಲೇ ಹುಟ್ಟಿದ ಕೀ. ರೆಪೊ ಒಬ್ಬರ ಹೆಸರಲ್ಲಿ ಇರಲಿ, ಉಳಿದ ಮೂವರನ್ನ ಕೊಲಾಬೊರೇಟರ್ ಅಂತ ಸೇರಿಸಿ. 2020ರ ಏಪ್ರಿಲ್‌ನಿಂದ ಉಚಿತ ಅಕೌಂಟಿನ ಪ್ರೈವೇಟ್ ರೆಪೊಗೂ ಎಷ್ಟು ಜನರನ್ನ ಬೇಕಾದ್ರೂ ಸೇರಿಸಬಹುದು. "ದುಡ್ಡು ಕೊಡಬೇಕಲ್ಲ" ಅನ್ನೋ ಮಾತು ಹಳೇದಾಯ್ತು.

ಇದರ ಲಾಭ ಗೊತ್ತಾಗೋದು ಏನಾದ್ರೂ ಕೆಟ್ಟಾಗ. ಚನ್ನಪಟ್ಟಣದವರ ಲ್ಯಾಪ್‌ಟಾಪ್ ಟ್ರೈನಿನಲ್ಲಿ ಕಳೆದುಹೋಯ್ತು ಅನ್ನಿ. ಅವರು ಯಾರದ್ದಾದ್ರೂ ಮಷೀನಿನಿಂದ ಲಾಗಿನ್ ಆಗಿ ಆ ಒಂದು ಕೀಯನ್ನ ಡಿಲೀಟ್ ಮಾಡಿದ್ರೆ ಸಾಕು, ಕಳೆದ ಮಷೀನಿನ ಬೀಗದ ಕೈ ಆ ಕ್ಷಣದಿಂದ ಕೆಲಸಕ್ಕೆ ಬಾರದ್ದು. ರಾಮನಗರ, ಕನಕಪುರ, ಮಾಗಡಿಯವರು ಏನೂ ಬದಲಿಸಬೇಕಾಗಿಲ್ಲ, ಕೆಲಸ ನಿಲ್ಲಲ್ಲ. ಪಾಸ್‌ವರ್ಡ್ ಹಂಚಿದ್ದಿದ್ರೆ ನಾಲ್ಕೂ ಜನ ರಾತ್ರೋರಾತ್ರಿ ಎದ್ದು ಕೂರಬೇಕಾಗ್ತಿತ್ತು. ಕೀಗೆ ಮಷೀನಿನ ಹೆಸರು ಇಡಿ ಅಂದಿದ್ದು ಇದಕ್ಕೇ. ಪಟ್ಟಿಯಲ್ಲಿ "ಕೀ 1", "ಕೀ 2" ಅಂತ ಇದ್ದರೆ ಯಾವುದನ್ನ ತೆಗೆಯೋದು?

ಇನ್ನೊಂದು ಸೂಕ್ಷ್ಮ. ಕೀ ಹೇಳೋದು ಕೋಡನ್ನ ಯಾವ ಅಕೌಂಟ್ ಕಳಿಸಿತು ಅಂತ. ಕಮಿಟ್ ಮೇಲೆ ಬರೋ ಲೇಖಕರ ಹೆಸರು ಬರೋದು ಗಿಟ್ ಕಾನ್ಫಿಗ್‌ನಲ್ಲಿ ಕೊಟ್ಟ ಹೆಸರು, ಇಮೇಲ್‌ನಿಂದ. ಅದನ್ನೂ ಪ್ರತಿಯೊಬ್ಬರೂ ತಮ್ಮ ಮಷೀನಿನಲ್ಲಿ ಸರಿಯಾಗಿ ಹಾಕಿ. ವೈವಾದಲ್ಲಿ "ನಿನ್ನ ಕೊಡುಗೆ ಏನಪ್ಪಾ" ಅಂದಾಗ ತೋರಿಸೋಕೆ ನಿಮ್ಮ ಹೆಸರಿನ ಕಮಿಟ್ ಇರಬೇಕು.

ಲ್ಯಾಬ್ ಮಷೀನಿನಲ್ಲಿ ಏನು ಮಾಡೋದು?

ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇರಲ್ಲ, ಲ್ಯಾಬನ್ನೇ ನಂಬಿರೋರು ನಮ್ಮಲ್ಲಿ ಕಮ್ಮಿ ಇಲ್ಲ. ಲ್ಯಾಬ್‌ನಲ್ಲಿ ಇಡೀ ಬ್ಯಾಚಿಗೆ ಒಂದೇ ಲಾಗಿನ್ ಇದ್ದರೆ, ನೀವು ಬಿಟ್ಟುಹೋದ ಪ್ರೈವೇಟ್ ಕೀ ಮುಂದಿನ ಬ್ಯಾಚಿನ ಕೈಯಲ್ಲಿ ಇದ್ದ ಹಾಗೆ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡೋದೂ ಒಳ್ಳೇದಲ್ಲ. ಪೆನ್‌ಡ್ರೈವ್ ಕಳೆಯುತ್ತೆ. ಜೊತೆಗೆ ಫ್ಯಾಟ್ ಫಾರ್ಮ್ಯಾಟಿನ ಡ್ರೈವಿನಲ್ಲಿ ಲಿನಕ್ಸ್‌ನ ಫೈಲ್ ಅನುಮತಿಗಳು ನಿಲ್ಲದ ಕಾರಣ "ಕೀ ಎಲ್ಲರಿಗೂ ಕಾಣ್ತಿದೆ" ಅಂತ ಎಸ್‌ಎಸ್‌ಎಚ್ ಅದನ್ನ ಬಳಸೋಕೇ ಒಪ್ಪದೆ ಇರಬಹುದು.

ಅನಿವಾರ್ಯ ಆದ್ರೆ ಹೀಗೆ ಮಾಡಿ: ಲ್ಯಾಬ್ ಮಷೀನಿನಲ್ಲಿ ಆ ದಿನಕ್ಕೆ ಮಾತ್ರ ಹೊಸ ಜೋಡಿ, ಪಾಸ್‌ಫ್ರೇಸ್ ಕಡ್ಡಾಯ. ಸಂಜೆ ಹೊರಡೋ ಮುಂಚೆ ಗಿಟ್‌ಹಬ್ ಪಟ್ಟಿಯಿಂದ ಆ ಬೀಗ ತೆಗೆದು, ಮಷೀನಿನಿಂದ ಎರಡೂ ಫೈಲ್ ಅಳಿಸಿ, ಬ್ರೌಸರ್‌ನಿಂದ ಲಾಗೌಟ್ ಆಗಿ. ಫೈಲ್ ಅಳಿಸೋದು ಮರೆತರೂ ಚಿಂತೆ ಕಡಿಮೆ, ಬೀಗ ತೆಗೆಯೋದು ಮರೀಬೇಡಿ. ಬಾಗಿಲಲ್ಲಿ ಬೀಗವೇ ಇಲ್ಲದ ಮೇಲೆ ಅದರ ಕೈ ಯಾರ ಹತ್ತಿರ ಇದ್ದರೇನು?

ಆ ಕಡೆ ಇರೋದು ಗಿಟ್‌ಹಬ್ಬೇನಾ?

ಮೊದಲ ಸಲ ಕನೆಕ್ಟ್ ಆದಾಗ ಒಂದು ಫಿಂಗರ್‌ಪ್ರಿಂಟ್ ತೋರಿಸಿ "ಮುಂದುವರಿಯಲಾ" ಅಂತ ಕೇಳುತ್ತೆ. ನೀವು ಯಾರು ಅಂತ ಸರ್ವರ್ ನೋಡೋ ಹಾಗೇ, ಸರ್ವರ್ ಯಾರು ಅಂತ ನೀವೂ ನೋಡಬೇಕು ಅನ್ನೋದು ಇದರ ಉದ್ದೇಶ. ಸುಮ್ಮನೆ ಯೆಸ್ ಅನ್ನೋ ಬದಲು ಗಿಟ್‌ಹಬ್ಬಿನ ಸಹಾಯ ಪುಟದಲ್ಲಿ ಕೊಟ್ಟಿರೋ ಫಿಂಗರ್‌ಪ್ರಿಂಟನ್ನೇ ಕಾಪಿ ಮಾಡಿ ಆ ಪ್ರಶ್ನೆಗೆ ಉತ್ತರವಾಗಿ ಅಂಟಿಸಿ. ಈಗಿನ ಓಪನ್‌ಎಸ್‌ಎಸ್‌ಎಚ್ ತಾನೇ ಹೋಲಿಸಿ, ಸರಿಯಿದ್ದರೆ ಮಾತ್ರ ಮುಂದೆ ಹೋಗುತ್ತೆ.

ಒಂದಿನ ಇದ್ದಕ್ಕಿದ್ದಂತೆ "ಸರ್ವರಿನ ಗುರುತು ಬದಲಾಗಿದೆ" ಅಂತ ದೊಡ್ಡ ಎಚ್ಚರಿಕೆ ಬರಬಹುದು. 2023ರ ಮಾರ್ಚ್ 24ರಂದು ಹೀಗೇ ಆಯ್ತು. ಗಿಟ್‌ಹಬ್ಬಿನದೇ ಆರ್‌ಎಸ್‌ಎ ಪ್ರೈವೇಟ್ ಕೀ ಸ್ವಲ್ಪ ಹೊತ್ತು ಒಂದು ಪಬ್ಲಿಕ್ ರೆಪೊದಲ್ಲಿ ಬಯಲಾಗಿಬಿಟ್ಟಿತ್ತು. ಅವರು ತಕ್ಷಣ ಹಳೇದನ್ನ ಬಿಸಾಕಿ ಹೊಸ ಕೀ ಹಾಕಿ, ಅದನ್ನ ಬಹಿರಂಗವಾಗಿ ಹೇಳಿದರು. ಆ ಆರ್‌ಎಸ್‌ಎ ಗುರುತನ್ನ ನೆನಪಿಟ್ಟುಕೊಂಡಿದ್ದ ಮಷೀನುಗಳಲ್ಲಿ ಎಚ್ಚರಿಕೆ ಬಂತು. ಇಂಥಾ ಸಮಯದಲ್ಲಿ ಮೊದಲು ಹೊಸ ಫಿಂಗರ್‌ಪ್ರಿಂಟ್ ನಿಜವೇ ಅಂತ ಸಹಾಯ ಪುಟದಲ್ಲಿ ನೋಡಿ, ಆಮೇಲೆ "ಎಸ್‌ಎಸ್‌ಎಚ್-ಕೀಜೆನ್ -ಆರ್ ಗಿಟ್‌ಹಬ್.ಕಾಮ್" ಕೊಟ್ಟು ಹಳೇ ಗುರುತು ಅಳಿಸಿ. ಆರ್ ದೊಡ್ಡದು.

ಅಷ್ಟು ದೊಡ್ಡ ಕಂಪನಿಗೇ ಹಾಗಾದ ಮೇಲೆ ನಮಗೂ ಆಗಬಹುದು. ನಿಮ್ಮ ಪ್ರೈವೇಟ್ ಕೀ ಯಾವುದೋ ಕಮಿಟ್‌ನಲ್ಲಿ ಸೇರಿಹೋದರೆ ಮುಂದಿನ ಕಮಿಟ್‌ನಲ್ಲಿ ಫೈಲ್ ಅಳಿಸಿದರೆ ಸಾಲದು. ಗಿಟ್ ಹಳೇದನ್ನೆಲ್ಲ ನೆನಪಿಟ್ಟುಕೊಂಡಿರುತ್ತೆ. ಅವರು ಮಾಡಿದ್ದನ್ನೇ ಮಾಡಿ: ಹಳೇ ಬೀಗ ಕಿತ್ತು ಹಾಕಿ, ಹೊಸ ಜೋಡಿ ತನ್ನಿ.

ಕೈಕೊಟ್ಟಾಗ

"ಪರ್ಮಿಷನ್ ಡಿನೈಡ್, ಪಬ್ಲಿಕ್ ಕೀ" ಅಂತ ಬಂದರೆ ಪರೀಕ್ಷೆಯ ಕಮಾಂಡಿಗೆ ಸಣ್ಣ ಅಕ್ಷರದ -ವಿ ಸೇರಿಸಿ. ಯಾವ ಕೀ ಫೈಲ್ ಹುಡುಕಿತು, ಯಾವುದನ್ನ ಸರ್ವರಿಗೆ ತೋರಿಸಿತು ಅಂತ ಸಾಲುಸಾಲಾಗಿ ಹೇಳುತ್ತೆ. ಹೆಚ್ಚಿನ ಸಲ ಕಾರಣ ಇವೇ: ಕೀ ಬೇರೆ ಹೆಸರಲ್ಲಿ ಸೇವ್ ಆಗಿದೆ, ಅಥವಾ ಪಬ್ಲಿಕ್ ಕೀ ಅಂಟಿಸಿದ್ದು ಬೇರೆ ಅಕೌಂಟಿಗೆ. "ಕೀ ಈಗಾಗಲೇ ಬಳಕೆಯಲ್ಲಿದೆ" ಅಂತ ಗಿಟ್‌ಹಬ್ ಹೇಳಿದ್ರೆ ಅದು ಇನ್ನೊಂದು ಅಕೌಂಟಿನಲ್ಲಿ ಇದೆ ಅಂತ ಅರ್ಥ. ಒಂದು ಬೀಗ ಇಬ್ಬರ ಹೆಸರಲ್ಲಿ ಇರೋಕಾಗಲ್ಲ.

ಏನೂ ಉತ್ತರ ಬರದೆ ಸುಮ್ಮನೆ ನಿಂತುಬಿಟ್ಟರೆ ವೈಫೈ ಕಡೆ ಅನುಮಾನ ಪಡಿ. ಎಸ್‌ಎಸ್‌ಎಚ್ ಹೋಗೋದು 22ನೇ ಪೋರ್ಟ್‌ನಲ್ಲಿ, ಎಷ್ಟೋ ಸಂಸ್ಥೆಗಳ ಫೈರ್‌ವಾಲ್ ಅದನ್ನ ಮುಚ್ಚಿರುತ್ತೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡಿದ್ರೆ ಕಾರಣ ಅದೇ. ಗಿಟ್‌ಹಬ್ "ಎಸ್‌ಎಸ್‌ಎಚ್.ಗಿಟ್‌ಹಬ್.ಕಾಮ್" ವಿಳಾಸದಲ್ಲಿ 443ನೇ ಪೋರ್ಟನ್ನೂ ತೆರೆದಿಟ್ಟಿದೆ. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಈ ವಿಳಾಸ, ಈ ಪೋರ್ಟ್, "ಗಿಟ್" ಅನ್ನೋ ಯೂಸರ್ ಹೆಸರು ಬರೆದಿಟ್ಟರೆ ದಾರಿ ತಾನೇ ಬದಲಾಗುತ್ತೆ. ನಿಮ್ಮ ನೆಟ್‌ವರ್ಕಿನ ನಿಯಮ ಏನು ಅಂತ ಮಾತ್ರ ಒಮ್ಮೆ ಲ್ಯಾಬ್ ಇನ್‌ಚಾರ್ಜ್ ಹತ್ತಿರ ಕೇಳ್ಕೊಳ್ಳಿ.

ಕಾಲೇಜು ಮುಗಿದ ಮೇಲೆ

ಈ ಅಕೌಂಟ್ ಪ್ರಾಜೆಕ್ಟಿಗೆ ಮಾತ್ರ ಅಂದ್ಕೋಬೇಡಿ, ಕೆಲಸ ಹುಡುಕುವಾಗ ತೋರಿಸೋದೂ ಇದನ್ನೇ. ಕನ್ನಡದ ಕೆಲಸಕ್ಕೂ ಇದೇ ಬಾಗಿಲು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು "ಅಲರ್" 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಹೊರಬಂತು. ಒಂದೂವರೆ ಲಕ್ಷದಷ್ಟು ಪದಗಳ ಅದರ ದತ್ತಾಂಶ ಗಿಟ್‌ಹಬ್‌ನಲ್ಲೇ ಇದೆ. ಅದನ್ನ ಇಟ್ಟುಕೊಂಡು ಆ್ಯಪ್ ಕಟ್ಟೋದು ನಮ್ಮಂಥ ಟೀಮುಗಳಿಗೆ ಒಳ್ಳೇ ಪ್ರಾಜೆಕ್ಟ್. ಹಾಗೆ ಹತ್ತು ಜನ ನಂಬಿ ಬಳಸೋ ಕೋಡಿಗೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಕೈ ಹಾಕಿದರೆ ನಷ್ಟ ನಿಮ್ಮೊಬ್ಬರದೇ ಅಲ್ಲ.

ಪ್ರತಿ ಸೆಮಿಸ್ಟರ್ ಕೊನೆಗೆ ಐದು ನಿಮಿಷ ಕೊಟ್ಟು ಸೆಟ್ಟಿಂಗ್ಸ್‌ನ ಕೀ ಪಟ್ಟಿ ನೋಡಿ. ಪ್ರತಿಯೊಂದು ಕೊನೇ ಸಲ ಯಾವಾಗ ಬಳಕೆಯಾಯ್ತು ಅಂತ ಅಲ್ಲೇ ಇರುತ್ತೆ. ಒಂದು ವರ್ಷ ಬಳಸದ ಕೀಯನ್ನ ಗಿಟ್‌ಹಬ್ ತಾನೇ ತೆಗೆದುಹಾಕುತ್ತೆ, ಆದ್ರೆ ಅಲ್ಲೀವರೆಗೆ ಕಾಯಬೇಡಿ. ಮಾರಿದ ಲ್ಯಾಪ್‌ಟಾಪ್, ಬಿಟ್ಟ ಇಂಟರ್ನ್‌ಶಿಪ್ಪಿನ ಮಷೀನು, ಲ್ಯಾಬಿನ ಹಳೇ ಕೀ, ಯಾವ ಬೀಗದ ಕೈ ಈಗ ನಿಮ್ಮ ಕೈಯಲ್ಲಿ ಇಲ್ಲವೋ ಆ ಬೀಗ ತೆಗೀರಿ. ಮಾಡುವಾಗ ಎಲ್ಲಾದ್ರೂ ಸಿಕ್ಕಿಹಾಕಿಕೊಂಡರೆ ಕ್ಲಬ್ಬಿನವರನ್ನ ಕೇಳಿ. ಕೇಳುವಾಗ ಎರರ್ ಮೆಸೇಜಿನ ಫೋಟೋ ಕಳಿಸಿ, ಪಬ್ ಫೈಲ್ ಬೇಕಾದ್ರೂ ಕಳಿಸಿ. ಇನ್ನೊಂದು ಫೈಲನ್ನ ಮಾತ್ರ ನಾವು ಕೇಳಿದ್ರೂ ಕೊಡಬೇಡಿ.